ಉಜ್ಜುವ ಮುನ್ನ ಕಲೆಯ ಮೂಲ ಕೇಳಿ

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಮನೆಗಳಲ್ಲಿ ಒಗೆಯುವ ಕಲ್ಲಿಗೆ ಬಿಡುವೇ ಇರುವುದಿಲ್ಲ. ಪಡದಲ್ಲಿ ದ್ರಾಕ್ಷಿ ಗೊನೆ ಕತ್ತರಿಸಿದವರ ತೋಳಿಗೆ, ಸೆರಗಿಗೆ ಹಣ್ಣಿನ ರಸ. ಶೆಡ್‌ನಲ್ಲಿ ಒಣಗಿಸುವ ಹಣ್ಣನ್ನು ದ್ರಾವಣದಲ್ಲಿ ಅದ್ದಿ ತೆಗೆದವರ ಅಂಗಿಗೆ ಎಣ್ಣೆಯ ಜಿಡ್ಡು. ಔಷಧಿ ಹೊಡೆದವರ ಪ್ಯಾಂಟಿಗೆ ತಿಳಿನೀಲಿ ಚುಕ್ಕೆ. ಇವಕ್ಕೆಲ್ಲ ನಮ್ಮಲ್ಲಿ ಮದ್ದು ಮಾತ್ರ ಒಂದೇ. ಬಾರ್ ಸೋಪು ತಿಕ್ಕಿ ಬ್ರಷ್ ಹಾಕುವುದು, ಹೋಗದಿದ್ದರೆ ಬಿಸಿನೀರು, ಅದಕ್ಕೂ ಬಗ್ಗದಿದ್ದರೆ ಬ್ಲೀಚಿಂಗ್ ಪೌಡರ್. ಬಟ್ಟೆಯ ಮೇಲೆ ಕಾಯಂ ಆಗಿ ಕೂತಿರುವ ಡಾಗುಗಳಲ್ಲಿ ಬಹಳಷ್ಟು ಹಾಗೆ ಕೂತಿದ್ದು ಬಿದ್ದ ಗಳಿಗೆಯಲ್ಲಲ್ಲ, ಅವಸರದಲ್ಲಿ ನಾವು ಮಾಡಿದ ಈ ಉಪಚಾರದಿಂದ.

ಎಲ್ಲ ಕಲೆಯೂ ಕೊಳೆಯಲ್ಲ. ಕೊಳೆ ಬಟ್ಟೆಯ ಮೇಲೆ ಕೂತಿರುತ್ತದೆ, ಸೋಪಿಗೆ ಬಿಟ್ಟುಕೊಡುತ್ತದೆ. ಕಲೆ ನೂಲಿನೊಳಗೆ ಇಳಿದ ಬಣ್ಣವಾಗಿರಬಹುದು, ಲೋಹದ ಲವಣವಾಗಿರಬಹುದು, ಗಾಳಿಗೆ ಗಟ್ಟಿಯಾದ ಎಣ್ಣೆಯಾಗಿರಬಹುದು. ಒಂದನ್ನು ಬಿಡಿಸುವ ವಸ್ತು ಇನ್ನೊಂದನ್ನು ಕಚ್ಚಿಸುತ್ತದೆ. ಹುಳಿಗೆ ಹೋಗುವ ಕಲೆಗೆ ಕ್ಷಾರ ಹಾಕಿದರೆ, ಅಂದರೆ ಸೋಪು, ಸೋಡಾ ಹಾಕಿದರೆ ಕೆಲಸ ಕೆಟ್ಟಂತೆಯೇ. ಹಾಗಾಗಿ ಮೊದಲ ಐದು ನಿಮಿಷ ಕೈಯಲ್ಲಿ ಬ್ರಷ್ ಹಿಡಿಯದೆ ಹಳೆಯ ಹತ್ತಿಬಟ್ಟೆಯೊಂದರಿಂದ ಒತ್ತಿ ಹೀರಿಸಿ. ಉಜ್ಜಬೇಡಿ, ಉಜ್ಜಿದರೆ ಕಲೆ ಅಗಲವಾಗುತ್ತದೆ. ಇದು ಯಾವುದರ ಕಲೆ ಎಂದು ಆ ಹೊತ್ತಿನಲ್ಲೇ ಯೋಚಿಸಿ. ಬಣ್ಣದ ಬಟ್ಟೆಯಾದರೆ ಹಾಕಬೇಕೆಂದಿರುವ ಮದ್ದನ್ನು ಒಳಮಡಿಕೆಯ ಒಂದು ಮೂಲೆಗೆ ಹಚ್ಚಿ ನೋಡಿ.

ದ್ರಾಕ್ಷಿ, ದಾಳಿಂಬರಿ

ನಮ್ಮ ಭಾಗದಲ್ಲಿ ಹೆಚ್ಚು ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್, ಮಾಣಿಕ್ ಚಮನ್‌ನಂಥ ಹಸಿರು ದ್ರಾಕ್ಷಿ. ಇದರ ರಸ ಬಟ್ಟೆಗೆ ಬಿದ್ದರೆ ಕಾಣುವುದೇ ಇಲ್ಲ. ಮೋಸ ಇರುವುದು ಅಲ್ಲೇ. ರಸ ಒಣಗಿ ಹೋಯಿತೆಂದುಕೊಂಡು ಬಟ್ಟೆಯನ್ನು ಮಡಚಿಟ್ಟರೆ ಕೆಲವು ವಾರಕ್ಕೆ ಅಲ್ಲಲ್ಲಿ ಹಳದಿ ಮಚ್ಚೆ ಏಳುತ್ತವೆ. ಇಸ್ತ್ರಿ ಹಾಕಿದರಂತೂ ಕಣ್ಣೆದುರಿಗೇ ಕಂದು ಬಣ್ಣ ಮೂಡುತ್ತದೆ. ರಸದಲ್ಲಿದ್ದ ಸಕ್ಕರೆ ಮತ್ತು ಒಗರು ಅಂಶ ಗಾಳಿಗೆ, ಕಾವಿಗೆ ಬದಲಾಗಿ ಆಗುವ ಕಲೆ ಇದು. ಆದ್ದರಿಂದ ದ್ರಾಕ್ಷಿ ಕೆಲಸಕ್ಕೆ ಹೋಗಿ ಬಂದ ಬಟ್ಟೆ ಸ್ವಚ್ಛವಾಗಿ ಕಂಡರೂ ಅದೇ ಸಂಜೆ ತಣ್ಣೀರಿನಲ್ಲಿ ಜಾಲಿಸಿಬಿಡಿ. ಆಮೇಲೆ ಡಿಟರ್ಜೆಂಟ್ ಪುಡಿಯ ನೀರಿನಲ್ಲಿ ಅರ್ಧ ತಾಸು ನೆನೆಹಾಕಿ. ಕಲೆ ಪೂರಾ ಹೋಯಿತೆಂದು ಖಾತ್ರಿಯಾಗುವವರೆಗೆ ಇಸ್ತ್ರಿ ಮುಟ್ಟಿಸಬೇಡಿ.

ಕಪ್ಪು ದ್ರಾಕ್ಷಿಯದು ಬೇರೆ ಕಥೆ. ಶರದ್ ಸೀಡ್‌ಲೆಸ್ ದ್ರಾಕ್ಷಿಯ ಸಿಪ್ಪೆಯಲ್ಲಿರುವ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಅದಕ್ಕೇ ಕೆನ್ನೇರಳೆ ಕಲೆಗೆ ಬಾರ್ ಸೋಪು ಹಚ್ಚಿದೊಡನೆ ಅದು ನೀಲಿ–ಬೂದು ಬಣ್ಣಕ್ಕೆ ತಿರುಗಿ ಇನ್ನಷ್ಟು ಎದ್ದು ಕಾಣುತ್ತದೆ. ಮೊದಲು ತಣ್ಣೀರಿನ ಧಾರೆಯನ್ನು ಬಟ್ಟೆಯ ಹಿಂಬದಿಯಿಂದ ಬಿಡಿ, ಬಂದ ದಾರಿಯಲ್ಲೇ ಬಣ್ಣ ಹೊರಗೆ ಹೋಗಲಿ. ನಂತರ ಲಿಂಬೆರಸ ಅಥವಾ ವಿನೆಗರ್ ಹನಿಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಉಳಿದದ್ದು ಡಿಟರ್ಜೆಂಟಿಗೆ ಹೋಗುತ್ತದೆ. ಬಿಳಿ ಹತ್ತಿಬಟ್ಟೆಯಲ್ಲಿ ಇನ್ನೂ ಛಾಯೆ ಉಳಿದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಬಹುದು.

ದಾಳಿಂಬರಿಯ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇದರ ಸಿಪ್ಪೆ ತಲೆಮಾರುಗಳಿಂದ ಬಣ್ಣಗಾರರ ಕೈಯಲ್ಲಿದ್ದ ಪದಾರ್ಥ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಕಬ್ಬಿಣಕ್ಕೆ ಸೋಕಿದರೆ ಕಪ್ಪಾಗುತ್ತದೆ, ಹಾಗೆ ಆದ ಕಪ್ಪು ಹೋಗುವುದು ತೀರಾ ಕಷ್ಟ. ದಾಳಿಂಬರಿ ಕಲೆಯ ಬಟ್ಟೆಯನ್ನು ತುಕ್ಕು ಹಿಡಿದ ಬಕೆಟ್ಟಿನಲ್ಲಿ, ಹಳೆಯ ತಗಡಿನ ಟಬ್ಬಿನಲ್ಲಿ ನೆನೆಹಾಕುವುದೆಂದರೆ ಕಲೆಗೆ ಬಣ್ಣ ಕಟ್ಟಿಸಿದ ಹಾಗೆ. ಪ್ಲಾಸ್ಟಿಕ್ ಬಕೆಟ್ ಬಳಸಿ.

ಮಣೂಕದ ಮೇಲಿನ ಕಲೆ

ಬಟ್ಟೆಯ ಡಾಗಿನಿಂದ ಒಂದು ಅಂಗಿ ಹಾಳಾದೀತು. ಮಣೂಕದ, ಅಂದರೆ ಒಣದ್ರಾಕ್ಷಿಯ, ಮೇಲೆ ಬಿದ್ದ ಕಲೆ ಮಾತ್ರ ವರ್ಷದ ದುಡಿಮೆಯನ್ನೇ ತಿನ್ನುತ್ತದೆ. ವಿಜಯಪುರದ ಎಪಿಎಂಸಿಯಲ್ಲಾಗಲಿ, ಗಡಿಯಾಚೆಯ ತಾಸಗಾಂವ, ಸಾಂಗ್ಲಿಯಲ್ಲಾಗಲಿ ಒಣದ್ರಾಕ್ಷಿಯ ರಾಶಿಯಲ್ಲಿ ಖರೀದಿದಾರ ಮೊದಲು ನೋಡುವುದು ಬಣ್ಣವನ್ನೇ. ಹಸಿರು–ಹಳದಿ ಹೊಳಪಿದ್ದರೆ ಒಂದು ದರ, ಕಂದು ಮಚ್ಚೆ ಇದ್ದರೆ ಇನ್ನೊಂದು, ಕಪ್ಪಾಗಿದ್ದರೆ ಕೇಳುವವರು ಕಡಿಮೆ. ಆದ್ದರಿಂದ ಈ ಕಲೆ ಹುಟ್ಟುವ ಬಗೆಯನ್ನು ತಿಳಿದಿರುವುದು ರೈತನಿಗೆ ಹಣದ ಮಾತು.

ಹಣ್ಣಿನ ಒಳಗೇ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಹಣ್ಣು ಜಜ್ಜಿದರೆ, ಸಿಪ್ಪೆ ಸೀಳಿದರೆ, ಒಣಗುವುದು ತಡವಾದರೆ ಇದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲಸ ಶುರು ಮಾಡುತ್ತದೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಮಣೂಕ ಮಾಡುವುದೆಂದರೆ ಈ ಕಿಣ್ವದ ವಿರುದ್ಧ ಓಡುವ ಓಟ. ದ್ರಾಕ್ಷಿಯ ಮೈಮೇಲಿನ ಬಿಳಿಪುಡಿಯಂಥ ಮೇಣದ ಪದರ ನೀರನ್ನು ಹೊರಗೆ ಬಿಡುವುದಿಲ್ಲ. ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಬೆರೆಸಿ ಅದರಲ್ಲಿ ಗೊನೆಗಳನ್ನು ಅದ್ದುವುದು ಈ ಮೇಣವನ್ನು ಸಡಿಲಿಸುವುದಕ್ಕೇ. ಹಾಗೆ ಅದ್ದಿದ ಹಣ್ಣನ್ನು ಶೆಡ್‌ನ ಜಾಳಿಗೆಯ ಮೇಲೆ ನೆರಳಿನಲ್ಲಿ ಹರಡಿದರೆ ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಅದ್ದದಿದ್ದರೆ ಇನ್ನೂ ಬಹಳ ದಿನ ಬೇಕು, ಅಷ್ಟರಲ್ಲಿ ಬಣ್ಣ ಕಂದಿಗೆ ಇಳಿದಿರುತ್ತದೆ.

ಕಲೆ ತಡೆಯಲು ರೈತರ ಕೈಯಲ್ಲಿರುವ ಕ್ರಮಗಳು ಸಣ್ಣವು, ಆದರೆ ಒಂದನ್ನೂ ಬಿಡುವಂತಿಲ್ಲ. ಬಿಸಿಲೇರುವ ಮುನ್ನ ಗೊನೆ ಕತ್ತರಿಸಿ. ಕ್ರೇಟಿನಲ್ಲಿ ಒಂದರ ಮೇಲೊಂದು ಒತ್ತಿ ತುಂಬಬೇಡಿ, ತಳದ ಹಣ್ಣು ಜಜ್ಜುತ್ತದೆ. ಸೀಳಿದ, ಕೊಳೆತ ಕಾಳುಗಳನ್ನು ಅದ್ದುವ ಮೊದಲೇ ಕತ್ತರಿಯಿಂದ ಬಿಡಿಸಿ, ಯಾಕೆಂದರೆ ಒಂದು ಒಡೆದ ಕಾಳಿನ ರಸ ಅಕ್ಕಪಕ್ಕದ ಹತ್ತಕ್ಕೆ ಅಂಟಿ ಅವೂ ಕಂದಾಗುತ್ತವೆ. ಶೆಡ್ಡಿನ ಬದಿಯಿಂದ ನೇರ ಬಿಸಿಲು ಬೀಳುವ ಕಡೆ ಪರದೆ ಕಟ್ಟಿ, ಗಾಳಿ ಮಾತ್ರ ಸರಾಗ ಆಡಲಿ. ತಂತಿ ಜಾಳಿಗೆ ತುಕ್ಕು ಹಿಡಿದಿದ್ದರೆ ಹಂಗಾಮಿಗೆ ಮೊದಲೇ ಬದಲಿಸಿ. ತುಕ್ಕಿನ ಗೆರೆ ಹಣ್ಣಿನ ಮೇಲೆ ಅಚ್ಚಾಗಿ ಮೂಡುತ್ತದೆ.

ಮಾರ್ಚ್, ಏಪ್ರಿಲ್‌ನ ಅಕಾಲಿಕ ಮಳೆ ಇದೆಲ್ಲವನ್ನೂ ತಲೆಕೆಳಗು ಮಾಡಬಲ್ಲದು. ಗಾಳಿಯ ತೇವ ಏರಿದೊಡನೆ ಒಣಗುವಿಕೆ ನಿಲ್ಲುತ್ತದೆ, ಹಣ್ಣು ಅಂಟಾಗುತ್ತದೆ, ಕಿಣ್ವ ಮತ್ತು ಬೂಷ್ಟು ಎರಡೂ ಏಳುತ್ತವೆ. ಮೋಡ ಕಂಡಾಗ ಬದಿಗೆ ತಾಡಪತ್ರಿ ಇಳಿಸುವುದು ಎಲ್ಲರಿಗೂ ಗೊತ್ತು. ಮಳೆ ನಿಂತ ಮೇಲೆ ಅದನ್ನು ತಕ್ಷಣ ಎತ್ತಿ ಗಾಳಿ ಬಿಡುವುದನ್ನೇ ಹಲವರು ಮರೆಯುತ್ತಾರೆ. ಬಣ್ಣ ಉಳಿಸಲು ಗಂಧಕದ ಹೊಗೆ ಕೊಡುವ ರೂಢಿಯೂ ಇದೆ, ಅದು ಕಿಣ್ವವನ್ನು ತಡೆಯುವುದು ನಿಜ. ಆದರೆ ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಉಬ್ಬಸ ಇರುವವರಿಗೆ ಅಪಾಯ. ಕೊಡುವುದಾದರೆ ತಜ್ಞರು ಹೇಳಿದ ಪ್ರಮಾಣ ಮೀರಬಾರದು, ಹೊಗೆ ಪೂರಾ ಹೊರಹೋಗುವವರೆಗೆ ಒಳಗೆ ಕಾಲಿಡಬಾರದು. ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ, ಕೇಳಿ ತಿಳಿದುಕೊಳ್ಳಿ. ಕೊಳ್ಳುವವರಿಗೂ ಒಂದು ಮಾತು: ಎಲ್ಲ ಕಾಳೂ ಒಂದೇ ಸಮ ಬಂಗಾರದಂತೆ ಹೊಳೆಯುವ ಮಣೂಕವೇ ಶ್ರೇಷ್ಠ ಎಂಬ ಆಸೆಯನ್ನು ತುಸು ತಗ್ಗಿಸಿಕೊಳ್ಳಬೇಕು. ನಾಲ್ಕು ಕಂದು ಕಾಳು ನಡುವೆ ಇದ್ದರೆ ರುಚಿಗೇನೂ ಕೊರತೆಯಿಲ್ಲ.

ಅದ್ದುವ ದ್ರಾವಣ ಬಟ್ಟೆಗೆ ಬಿದ್ದರೆ ಮೊದಲು ಧಾರಾಳ ನೀರು, ಆಮೇಲೆ ಬೆಚ್ಚನೆಯ ಡಿಟರ್ಜೆಂಟ್ ನೀರು. ಅದು ಕ್ಷಾರ, ಜೊತೆಗೆ ಎಣ್ಣೆ. ರೇಷ್ಮೆಯನ್ನೂ ಕೈಯ ಚರ್ಮವನ್ನೂ ತಿನ್ನುತ್ತದೆ. ಅದ್ದುವವರಿಗೆ ರಬ್ಬರ್ ಕೈಗವಸು ಕೊಡುವುದು ತೋಟದ ಮಾಲೀಕರ ಹೊಣೆ.

ನೀಲಿ ಚುಕ್ಕೆಯ ಇತಿಹಾಸ

ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ಹೊಡೆಯುವ ಬೋರ್ಡೋ ದ್ರಾವಣದ ಹುಟ್ಟಿನಲ್ಲೇ ಕಲೆಯ ಕಥೆಯಿದೆ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗುಬರುವವರು ಕಿತ್ತು ತಿನ್ನುತ್ತಿದ್ದರು. ಬೇಸತ್ತ ಬೆಳೆಗಾರರು ಮೈಲುತುತ್ತ ಮತ್ತು ಸುಣ್ಣ ಕಲಸಿ ಆ ಬಳ್ಳಿಗಳಿಗೆ ಎರಚಿದರು. ಎಲೆಯ ಮೇಲಿನ ನೀಲಿ ಕಲೆ ನೋಡಿ ವಿಷವೆಂದು ಹೆದರಿ ಜನ ದೂರ ನಿಲ್ಲಲಿ ಎಂಬುದಷ್ಟೇ ಉದ್ದೇಶ. ಪಿಯರ್ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿದ್ದು ಬೇರೆಯದೇ. ಊರೆಲ್ಲ ಬೂಜುತುಪ್ಪಟ ರೋಗಕ್ಕೆ ಎಲೆ ಉದುರಿಸಿ ನಿಂತಾಗ ಈ ಕಲೆ ಬಿದ್ದ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿತ್ತು. 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ಇಂದು ನಮ್ಮ ಪಡಗಳಲ್ಲಿ ಹೊಡೆಯುವುದೂ ಅದನ್ನೇ. 1 ಪ್ರತಿಶತದ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಬೆರೆಸಿದ ಮೇಲೆ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಅದ್ದಿ ನೋಡುವುದೂ ಕಲೆಯದೇ ಪರೀಕ್ಷೆ. ಮೊಳೆಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಈ ನೀಲಿ ಬಟ್ಟೆಗೆ ಹತ್ತಿದಾಗ ಸೋಪು ಮುಟ್ಟಿಸಬೇಡಿ. ತಾಮ್ರವೂ ಸೋಪಿನ ಕೊಬ್ಬಿನಾಮ್ಲವೂ ಕೂಡಿ ನೀರಿಗೆ ಕರಗದ ಹಸಿರು ಜಿಡ್ಡು ಆಗುತ್ತದೆ. ಒಣಗಿದ ಪುಡಿಯನ್ನು ಹೊರಗೆ ಕೊಡವಿ, ಒಂದು ಬಟ್ಟಲು ನೀರಿಗೆ ಎರಡು ಚಮಚ ವಿನೆಗರ್ ಇಲ್ಲವೇ ಲಿಂಬೆರಸ ಹಾಕಿ ಕಲೆಯ ಭಾಗವನ್ನು ಅದರಲ್ಲಿ ನೆನೆಸಿ. ಸುಣ್ಣ, ತಾಮ್ರ ಎರಡೂ ಹುಳಿಗೆ ಕರಗುತ್ತವೆ. ಎರಡು ಸಲ ಜಾಲಿಸಿದ ಮೇಲಷ್ಟೇ ಡಿಟರ್ಜೆಂಟ್. ಔಷಧಿ ಹೊಡೆದ ಯಾವುದೇ ಬಟ್ಟೆಯನ್ನು ಮನೆಯವರ, ಅದರಲ್ಲೂ ಮಕ್ಕಳ ಬಟ್ಟೆಯ ಜೊತೆ ನೆನೆಹಾಕಲೇಬೇಡಿ. ಒಗೆದ ನೀರು ಬಾವಿಯ ಕಡೆ ಹರಿಯದಿರಲಿ.

ಅಡುಗೆಮನೆ ಮತ್ತು ಜಾತ್ರೆ

ಎಣ್ಣೆಗಾಯಿ ಪಲ್ಯದ ಕಲೆಯಲ್ಲಿ ಎರಡು ಕಲೆಗಳಿವೆ: ಎಣ್ಣೆ ಒಂದು, ಅರಿಶಿಣ ಒಂದು. ಎಣ್ಣೆಯನ್ನು ಮೊದಲು ಬಿಡಿಸಬೇಕು. ನಮ್ಮ ಮನೆಗಳಲ್ಲಿ ಸದಾ ಇರುವ ಜೋಳದ ಹಿಟ್ಟನ್ನೇ ಕಲೆಯ ಮೇಲೆ ದಪ್ಪಗೆ ಉದುರಿಸಿ ಅರ್ಧ ತಾಸು ಬಿಡಿ, ಹಿಟ್ಟು ಎಣ್ಣೆ ಹೀರುತ್ತದೆ. ಕೊಡವಿ, ಭಾಂಡೆ ತೊಳೆಯುವ ಲಿಕ್ವಿಡ್ ಹಚ್ಚಿ, ಬೆಚ್ಚನೆಯ ನೀರಿನಲ್ಲಿ ತೊಳೆಯಿರಿ. ಕುಸುಬಿ ಎಣ್ಣೆಯಾದರೆ ನಾಳೆಗೆ ಬಿಡಬೇಡಿ. ಅದು ಗಾಳಿಗೆ ಗಟ್ಟಿಯಾಗುವ ಜಾತಿಯ ಎಣ್ಣೆ. ಡಬ್ಬಿಯ ಬಾಯಿಗೆ, ಒಲೆಯ ಹಿಂದಿನ ಗೋಡೆಗೆ ಅಂಟಿದ ಕುಸುಬಿ ಎಣ್ಣೆ ವಾರ್ನಿಷ್‌ನಂತೆ ಹಳದಿಯಾಗಿ ಕೂಡುವುದನ್ನು ನೀವೂ ನೋಡಿರುತ್ತೀರಿ. ಬಟ್ಟೆಯ ನೂಲಿನಲ್ಲೂ ನಡೆಯುವುದು ಅದೇ.

ಇನ್ನು ಅರಿಶಿಣ. ಸೋಪು ಹಚ್ಚಿದೊಡನೆ ಕೆಂಪಾಗುವುದನ್ನು ಕಂಡು ಗಾಬರಿ ಬೀಳಬೇಡಿ. ಅರಿಶಿಣದ ಬಣ್ಣ ಕ್ಷಾರಕ್ಕೆ ಕೆಂಪಾಗುತ್ತದೆ, ಜಾಲಿಸಿ ಲಿಂಬೆ ಹಿಂಡಿದರೆ ಮತ್ತೆ ಹಳದಿಗೆ ಬರುತ್ತದೆ. ಈ ಗುಣದಿಂದಲೇ ನಮ್ಮ ಹಿರಿಯರು ಅರಿಶಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡಿದ್ದು. ಅರಿಶಿಣದ ಕಲೆ ಹೋಗಲು ನೀರೊಂದೇ ಸಾಲದು, ಬಿಸಿಲು ಬೇಕು. ಎಣ್ಣೆ ಬಿಡಿಸಿ ಒಗೆದ ಬಟ್ಟೆಯನ್ನು ಒದ್ದೆಯಾಗಿಯೇ, ಕಲೆ ಮೇಲೆ ಬರುವಂತೆ, ವಿಜಯಪುರದ ಬಿಸಿಲಿಗೆ ಹಾಕಿ. ಎರಡು ಮೂರು ದಿನದಲ್ಲಿ ಬಣ್ಣ ತಾನೇ ಮಾಸುತ್ತದೆ. ಇಷ್ಟು ಅಗ್ಗದ, ಇಷ್ಟು ಬಲವಾದ ಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಅರಕೇರಿ ಅಮೋಘಸಿದ್ಧನ ಜಾತ್ರೆಯಲ್ಲಿ ಭಂಡಾರ, ಅಂದರೆ ಅರಿಶಿಣ ಪುಡಿ, ಆಡಿ ಬಂದ ಬಿಳಿ ಅಂಗಿ, ಧೋತರಕ್ಕೂ ಇದೇ ಕ್ರಮ: ಒಣಗಿದ ಪುಡಿ ಕೊಡವಿ, ಒಗೆದು, ಬಿಸಿಲಿಗೆ ಹಾಕಿ. ಭಕ್ತಿಯಿಂದ ಆ ಹಳದಿಯನ್ನು ಉಳಿಸಿಕೊಳ್ಳುವವರೂ ಇದ್ದಾರೆ. ಅವರು ನೆರಳಿನಲ್ಲಿ ಒಣಗಿಸಿದರೆ ಸಾಕು.

ಎರೆಮಣ್ಣಿನ ಕಲೆಗೆ ಹೇಳುವುದು ಸ್ವಲ್ಪ. ಹಸಿ ಇದ್ದಾಗ ಮುಟ್ಟಬೇಡಿ, ಒಣಗಲಿ, ಕೊಡವಿ, ಬ್ರಷ್‌ನಿಂದ ಉದುರಿಸಿ, ಆಮೇಲೆ ಒಗೆಯಿರಿ. ಹಸಿಯಲ್ಲೇ ತಿಕ್ಕಿದರೆ ಆ ನುಣ್ಣನೆಯ ಜೇಡಿ ನೂಲಿನೊಳಗೆ ಸೇರಿಕೊಳ್ಳುತ್ತದೆ. ರಕ್ತ, ಹಾಲು, ಮೊಟ್ಟೆಗೆ ತಣ್ಣೀರು ಮಾತ್ರ, ಬಿಸಿನೀರಿಗೆ ಪ್ರೋಟೀನ್ ಬೆಂದು ಅಂಟಿಕೊಳ್ಳುತ್ತದೆ. ತುಕ್ಕಿಗೆ ನಮ್ಮ ಇಂಡಿಯ ಲಿಂಬೆಯೇ ಸಾಕು: ರಸ ಹಿಂಡಿ, ಉಪ್ಪು ಉದುರಿಸಿ, ಒಂದು ತಾಸು ಬಿಸಿಲಿಗಿಟ್ಟು ಚೆನ್ನಾಗಿ ತೊಳೆಯಿರಿ. ತುಕ್ಕಿಗೆ ಬ್ಲೀಚ್ ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಇಳಕಲ್ಲ ಸೀರೆಯ ಕೆಂಪು ಸೆರಗು ಒಡಲಿಗೆ ಬಣ್ಣ ಬಿಟ್ಟರೆ ಅದು ಹೊರಗಿನ ಕಲೆಯಲ್ಲ, ಸೀರೆಯದೇ ಬಣ್ಣ. ಬ್ಲೀಚ್ ಹಾಕಿದರೆ ಕಲೆಯ ಜೊತೆ ಸೀರೆಯೂ ಹೋಗುತ್ತದೆ. ಬಣ್ಣ ಬಿಟ್ಟಿದ್ದು ಕಂಡ ಕೂಡಲೆ, ಒಣಗುವ ಮೊದಲೇ, ತಣ್ಣೀರನ್ನು ಬದಲಿಸುತ್ತಾ ಜಾಲಿಸುತ್ತಿರಿ, ನೀರು ತಿಳಿಯಾಗುವವರೆಗೆ ಬಿಡಬೇಡಿ. ಮುಂದೆ ಅದನ್ನು ಒಂಟಿಯಾಗಿ, ಬೇಗ ಒಗೆದು, ಒದ್ದೆ ಮಡಿಕೆಯಲ್ಲಿ ಒಂದು ಗಳಿಗೆಯೂ ಇಡದೆ ನೆರಳಿಗೆ ಹರವಿ.

ಕಲ್ಲು, ಬೋರ್‌ವೆಲ್, ಗೋಳಗುಮ್ಮಟ

ಬೋರ್‌ವೆಲ್ಲಿನ ಗಡಸು ನೀರು ನಲ್ಲಿ, ಬಕೆಟ್, ಸ್ಟೀಲ್ ಪಾತ್ರೆಗಳ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದು ಸುಣ್ಣದ ಅಂಶ, ಲಿಂಬೆ ಹೋಳಿನಿಂದ ತಿಕ್ಕಿದರೆ ಹೋಗುತ್ತದೆ. ಆದರೆ ಇದೇ ಉಪಾಯವನ್ನು ಶಹಾಬಾದ ಕಲ್ಲಿನ ನೆಲದ ಮೇಲೆ ಮಾಡಬೇಡಿ. ಶಹಾಬಾದ ಕಲ್ಲು ಸ್ವತಃ ಸುಣ್ಣಕಲ್ಲು. ಆಸಿಡ್ ಬಿದ್ದರೆ ನೊರೆಯೆದ್ದು ಮೇಲ್ಪದರವೇ ಕರಗುತ್ತದೆ, ಹೊಳಪು ಹೋಗಿ ಒರಟಾದ ಕಲ್ಲು ಮುಂದೆ ಪ್ರತಿ ಕಲೆಯನ್ನೂ ಹೀರತೊಡಗುತ್ತದೆ. ಅದಕ್ಕೆ ಸೌಮ್ಯ ಡಿಟರ್ಜೆಂಟ್ ನೀರು, ಎಣ್ಣೆ ಬಿದ್ದಿದ್ದರೆ ಮುಲ್ತಾನಿ ಮಿಟ್ಟಿಯ ಲೇಪ. ಜೀವದ ಪ್ರಶ್ನೆಯಾದ ಇನ್ನೊಂದು ಮಾತು: ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಕೂಡಬಾರದು. ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸುತ್ತದೆ.

ಎಲೆಅಡಿಕೆ, ಗುಟ್ಕಾದ ಕೆಂಪು ಕಲೆ ಗಟ್ಟಿಯಾಗುವುದು ಕಾಚಿನ ಟ್ಯಾನಿನ್ ಮತ್ತು ಸುಣ್ಣದಿಂದ. ಅಂಗಿಯ ಮೇಲೆ ಬಿದ್ದರೆ ಹುಳಿ ಮೊಸರು ಇಲ್ಲವೇ ಲಿಂಬೆರಸ ಹಚ್ಚಿ, ತೊಳೆದು, ಡಿಟರ್ಜೆಂಟಿನಲ್ಲಿ ನೆನೆಸಬಹುದು. ಹಳೆಯ ಕಟ್ಟಡದ ಗೋಡೆಗೆ ಉಗುಳಿದ್ದಕ್ಕೆ ಇಂಥ ಸುಲಭದ ಮದ್ದಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟ ಕರಿಕಲ್ಲಿನದು, ಮೇಲೆ ಗಾರೆ. ಗಾರೆಯ ಸುಣ್ಣ ಆಸಿಡ್ ತಾಳುವುದಿಲ್ಲ, ತಂತಿ ಬ್ರಷ್ ತಾಗಿದರೆ ಗಾರೆಯೇ ಉದುರುತ್ತದೆ. ಪುರಾತತ್ವ ಇಲಾಖೆಯ ರಸಾಯನ ತಜ್ಞರು ಇಂಥ ಕಡೆ ಜೇಡಿಯ ಲೇಪ ಹಚ್ಚಿ, ಅದು ಒಣಗುವಾಗ ಕಲೆಯನ್ನು ಹೊರಗೆಳೆಯುವಂತೆ ಮಾಡುತ್ತಾರೆ. ತಾಜ್‌ಮಹಲಿನ ಹಳದಿ ತೆಗೆಯಲೂ ಮುಲ್ತಾನಿ ಮಿಟ್ಟಿಯನ್ನೇ ಬಳಸಿದ್ದು. ನಿಧಾನದ, ಖರ್ಚಿನ ಕೆಲಸ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 1958ರ ಕಾಯ್ದೆಯ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗೋಡೆಯ ಮೇಲೆ ಹೆಸರು ಕೆತ್ತುವ ಹುಡುಗರಿಗೆ ಇದನ್ನು ಶಾಲೆಯಲ್ಲೇ ತಿಳಿಸಬೇಕು.

ಹಲ್ಲಿನ ಕಲೆ

ನನ್ನ ಮಟ್ಟಿಗೆ ಈ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಕಲೆ ಮಕ್ಕಳ ಹಲ್ಲಿನ ಮೇಲಿನದು. ಮೊದಲು ಸುಣ್ಣದಂತೆ ಬಿಳಿ ಗೆರೆ, ಆಮೇಲೆ ಹಳದಿ, ಕಂದು. ವಿಜಯಪುರ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಲೇಬಾರದು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಇಂಥ ನೀರು ಕುಡಿದರೆ ದಂತಕವಚವೇ ಕುಂದಿಟ್ಟುಕೊಂಡು ಬೆಳೆಯುತ್ತದೆ. ಇದು ಹಲ್ಲುಜ್ಜದ್ದಕ್ಕೆ ಬಂದ ಕೊಳೆಯಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ತಿಕ್ಕಿದರೆ ಕವಚ ಸವೆದು ಜುಮ್ಮೆನ್ನುವ ಹಲ್ಲು ಉಳಿಯುತ್ತದೆ, ಕಲೆ ಹೋಗುವುದಿಲ್ಲ. ಕಂದು ಹಲ್ಲಿನ ಮಗುವನ್ನು ಕೊಳಕು ಎಂದು ಗದರುವ ಮಾಸ್ತರರೂ ತಂದೆತಾಯಿಯೂ ಇದನ್ನು ದಯವಿಟ್ಟು ತಿಳಿಯಬೇಕು. ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯದು ಏನೂ ತಪ್ಪಿಲ್ಲ.

ತೆಳು ಕಲೆಯನ್ನು ದಂತವೈದ್ಯರು ಮೇಲ್ಪದರ ತೀಡಿ ಅಥವಾ ಬ್ಲೀಚ್ ಮಾಡಿ ತಗ್ಗಿಸಬಲ್ಲರು, ದಟ್ಟವಾಗಿದ್ದರೆ ಹಲ್ಲಿನ ಬಣ್ಣದ ಲೇಪ ಹಾಕುತ್ತಾರೆ. ಆದರೆ ಮುಂದಿನ ಮಗುವಿಗೆ ಬರದಂತೆ ತಡೆಯುವುದು ನೀರಿನಿಂದಲೇ ಸಾಧ್ಯ. ಹೊಸ ಬೋರ್ ಕೊರೆಸಿದಾಗ ಮೋಟರ್ ಇಳಿಸುವ ಖರ್ಚಿನ ಜೊತೆ ನೀರು ಪರೀಕ್ಷೆಯ ಖರ್ಚನ್ನೂ ಸೇರಿಸಿಕೊಳ್ಳಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಬಹುದು. ಸ್ವಚ್ಛ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಊರು, ಬೋರಿನ ಆಳ, ದಿನಾಂಕ ಬರೆದು ಕೊಡಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ, ಮಾಮೂಲಿ ಕ್ಯಾಂಡಲ್ ಫಿಲ್ಟರಿನಿಂದಲೂ ಅದು ಬಗ್ಗದು. ಆರ್‌ಒ ಘಟಕದ ನೀರು, ಕೃಷ್ಣೆಯಿಂದ ಬರುವ ನಲ್ಲಿ ನೀರು ಅಥವಾ ಸ್ವಚ್ಛವಾಗಿ ಹಿಡಿದಿಟ್ಟ ಮಳೆನೀರು ಬೇಕು. ಮೂರೂ ಸಾಕಷ್ಟು ಸಿಗದ ಮನೆಯಲ್ಲಿ ಇದ್ದ ಒಳ್ಳೆಯ ನೀರನ್ನು ಬಸುರಿಯರಿಗೆ ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ, ಅವರ ಕುಡಿಯುವ ನೀರಿಗೂ ಅವರ ಅನ್ನ, ಸಾರು, ಹಾಲಿಗೆ ಬೆರೆಸುವ ನೀರಿಗೂ ಮೊದಲು ತೆಗೆದಿಡಿ.